ಹುಲ್ಲಿನ ಮುಡಿಯೊಳಗೆ ಒಂದು ಬಾಳೆ

ನಮ್ಮ ಹಿತ್ತಲಲ್ಲಿ ಒಂದು ಬಾಳೆಯಿದೆ ಎಂದರೆ ಬಂಟ್ವಾಳದಲ್ಲೋ ಪುತ್ತೂರಿನಲ್ಲೋ ಯಾರೂ ತಲೆಯೆತ್ತಿ ಕೂಡ ನೋಡಲಾರರು. ಬಚ್ಚಲಿನ ನೀರು ಹರಿದುಹೋಗುವ ಕಡೆ ನಾಲ್ಕು ಬಾಳೆ ಇಲ್ಲದ ಮನೆ ಅಲ್ಲಿ ಎಷ್ಟಿವೆ? ಆದರೆ ನಾವಿರುವುದು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ. ಸಾಲುಮನೆಗಳ ಬೀದಿ. ಮನೆಯ ಹಿಂದೆ ಎರಡು ಚಾಪೆ ಹಾಸುವಷ್ಟು ಅಗಲದ ಮಣ್ಣು. ವರ್ಷದಲ್ಲಿ ಐದು ತಿಂಗಳು ಆ ಮಣ್ಣು ಮುಟ್ಟಿದರೆ ಕೈ ಮರಗಟ್ಟುತ್ತದೆ. ಅಲ್ಲಿ ನಮ್ಮದೊಂದು ಬಾಳೆ 2009ರಿಂದ ಬದುಕಿಕೊಂಡು ಬಂದಿದೆ. ಗೊನೆ ಬಿಟ್ಟರೂ ತಿನ್ನಲು ಬಾರದ ಬಾಳೆ. ಆದರೂ ಅದಕ್ಕಾಗಿ ನಾವು ಪಟ್ಟ ಪಾಡು, ಅದು ನಮಗೆ ಕಲಿಸಿದ ಪಾಠ ಎರಡೂ ಸಣ್ಣವಲ್ಲ. ಅದನ್ನು ಹಂಚಿಕೊಳ್ಳಲೆಂದೇ ಈ ಬರಹ.

ನಾವು ಎಂದರೆ ಗಂಡ ಹೆಂಡತಿ ಇಬ್ಬರು. 2006ರಲ್ಲಿ ಊರು ಬಿಟ್ಟು ಇಲ್ಲಿಗೆ ಬಂದವರು. ನಮ್ಮಲ್ಲೊಬ್ಬರು ಬಸ್ಸು ಓಡಿಸುತ್ತಾರೆ. ಇನ್ನೊಬ್ಬರು ವೃದ್ಧರ ಆರೈಕೆ ಮನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಮಗಳು ಹುಟ್ಟಿದ್ದು ಇಲ್ಲಿಯೇ, 2008ರಲ್ಲಿ. ಊರಿನಲ್ಲಿ ಉಮ್ಮ, ಉಪ್ಪ ಇದ್ದರು. ನಮ್ಮಲ್ಲೊಬ್ಬರಿಗೆ ಹೆತ್ತವರು, ಇನ್ನೊಬ್ಬರಿಗೆ ಅತ್ತೆ, ಮಾವ. ಕರೆಯುವುದು ಮಾತ್ರ ಇಬ್ಬರೂ ಉಮ್ಮ, ಉಪ್ಪ ಎಂದೇ.

ಬಾಳೆ ಕೊಟ್ಟದ್ದು ನೆರೆಮನೆಯ ಹಿರಿಯರು. ನಿವೃತ್ತರಾದ ಇಂಗ್ಲಿಷರು, ಮಾತು ಕಡಿಮೆ. ನಾವು ಇಂಡಿಯಾದವರೆಂದು ತಿಳಿದ ಮೇಲೆ ಒಂದು ದಿನ ಬೇಲಿಯ ಆ ಕಡೆಯಿಂದ ಒಂದು ಕಂದು ಎತ್ತಿ ಹಿಡಿದು, ಇದು ನಿಮಗೆ ಹೊಸದೇನಲ್ಲ ಬಿಡಿ, ಎಂದು ನಕ್ಕರು. ನಮಗೋ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಊರಿನಲ್ಲಿ ಕಾಲಿಗೆ ತೊಡರಿದರೆ ಕಡಿದು ಬಿಸಾಡುತ್ತಿದ್ದ ಬಾಳೆಕಂದನ್ನು ಇಲ್ಲಿ ಕೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದೆವು.

ಇದರ ಹೆಸರು ಮೂಸಾ ಬಾಸ್ಜೂ. ಜಪಾನಿನ ಬಾಳೆ ಎಂದು ಇಲ್ಲಿಯವರು ಕರೆಯುತ್ತಾರೆ. ಮೂಲದಲ್ಲಿ ಅದು ಚೀನಾದ್ದು, ಜಪಾನಿನಲ್ಲಿ ಬಹಳ ಕಾಲದಿಂದ ಬೆಳೆದು ಬಂದದ್ದು. 17ನೇ ಶತಮಾನದ ಜಪಾನಿನ ಹೆಸರಾಂತ ಹಾಯ್ಕು ಕವಿ ಬಾಶೋ ತನ್ನ ಗುಡಿಸಲ ಮುಂದೆ ಶಿಷ್ಯನೊಬ್ಬ ನೆಟ್ಟ ಬಾಳೆಯ ಹೆಸರನ್ನೇ ತನ್ನ ಕಾವ್ಯನಾಮ ಮಾಡಿಕೊಂಡ. ಗಾಳಿಗೆ ಹರಿಯುವ ಎಲೆ, ಉಪಯೋಗಕ್ಕೆ ಬಾರದ ಕಾಂಡ. ಅದೇ ಅವನಿಗೆ ಇಷ್ಟವಾಗಿತ್ತಂತೆ. ಅಂದ ಹಾಗೆ, ಮೂಸಾ ಎಂಬ ಹೆಸರು ಅರಬಿಯ ಮೌಝ್ ಎಂಬ ಪದದಿಂದ ಬಂತೆಂದು ಹೇಳುವವರು ಬಹಳ ಮಂದಿ. ನಮ್ಮ ಊರಿನ ಗಲ್ಫ್ ಹುಡುಗರಿಗೆಲ್ಲ ಗೊತ್ತಿರುವ ಪದವದು.

ಬಾಳೆಯನ್ನು ಚಳಿಯ ದೇಶದಲ್ಲಿ ಉಳಿಸುವುದು ಇಂಗ್ಲಿಷರಿಗೆ ಹೊಸ ಹುಚ್ಚಲ್ಲ. ಲೆಸ್ಟರ್‌ನಿಂದ ಬಡಗಲಿಗೆ ಡರ್ಬಿಶೈರ್‌ನಲ್ಲಿ ಚಾಟ್ಸ್‌ವರ್ತ್ ಎಂಬ ಅರಮನೆಯಿದೆ. ಅಲ್ಲಿನ ಒಡೆಯ ವಿಲಿಯಂ ಕ್ಯಾವೆಂಡಿಶ್. ಅವನ ತೋಟದ ಮುಖ್ಯಸ್ಥ ಜೋಸೆಫ್ ಪ್ಯಾಕ್ಸ್‌ಟನ್. 1830ರ ದಶಕದಲ್ಲಿ ಗಾಜಿನ ಮನೆ ಕಟ್ಟಿ, ಒಲೆ ಉರಿಸಿ, ಅದರೊಳಗೆ ಬಾಳೆಯನ್ನು ಬೆಳೆಸಿ ಗೊನೆ ಬಿಡಿಸಿದ ಮನುಷ್ಯ. ಒಡೆಯನ ಹೆಸರೇ ಆ ತಳಿಗೆ ಉಳಿಯಿತು. ಇಂದು ದೇಶದಿಂದ ದೇಶಕ್ಕೆ ಹಡಗಿನಲ್ಲಿ ಹೋಗುವ ಬಾಳೆಹಣ್ಣಿನ ಬಹುಪಾಲು ಕ್ಯಾವೆಂಡಿಶ್ ಗುಂಪಿನದೇ. ನಮ್ಮ ಪಚ್ಚಬಾಳೆಯೂ ಅದೇ ಕುಟುಂಬದ್ದು.

ಆದರೆ ಅದು ಶ್ರೀಮಂತರ ದಾರಿ. ಗಿಡಕ್ಕೆ ಬೇಕಾದ ಹವೆಯನ್ನೇ ಹಣ ಕೊಟ್ಟು ತರಿಸುವುದು. ನಮ್ಮಂಥವರ ದಾರಿ ಬೇರೆ. ಚಳಿ ಬಂದಾಗ ಗಿಡ ಮಲಗಲಿ, ಮಲಗಿದಲ್ಲೇ ಸಾಯದಂತೆ ನೋಡಿಕೊಳ್ಳೋಣ ಎನ್ನುವುದು.

ಇದನ್ನು ಅರಿಯುವ ಮೊದಲು ನಾವು ಒಂದು ಬಾಳೆಯನ್ನು ಹೆಚ್ಚುಕಡಿಮೆ ಕೊಂದೇ ಬಿಟ್ಟಿದ್ದೆವು. 2010ರ ಡಿಸೆಂಬರ್. ನೂರು ವರ್ಷಗಳಲ್ಲೇ ಇಷ್ಟು ಚಳಿಯ ಡಿಸೆಂಬರನ್ನು ಈ ದೇಶ ಕಂಡಿರಲಿಲ್ಲ. ಮೊದಲ ಹಿಮಕ್ಕೇ ಎಲೆಗಳೆಲ್ಲ ಕಪ್ಪಾಗಿ, ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದವು. ಹೆದರಿದ ನಾವು ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಗಿಡವನ್ನು ಬುಡದಿಂದ ತಲೆಯವರೆಗೆ ಬಿಗಿಯಾಗಿ ಸುತ್ತಿದೆವು. ಮಳೆಗೆ ಒದ್ದೆಯಾಗದಂತೆ ಅಡಿಕೆ ರಾಶಿ ಮುಚ್ಚಿ ಗೊತ್ತಿದ್ದವರಲ್ಲವೇ! ಮಾರ್ಚ್‌ನಲ್ಲಿ ಬಿಚ್ಚಿದರೆ ದುರ್ವಾಸನೆ. ಒಳಗೆ ಸೇರಿದ್ದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಕಾಂಡ ಇಡಿಯಾಗಿ ಕೊಳೆತಿತ್ತು. ಮುಟ್ಟಿದರೆ ಗಂಜಿ.

ಅಗೆದು ತೆಗೆಯೋಣವೆಂದು ಸಲಿಕೆ ಹಿಡಿದಿದ್ದೆವು. ಬೇಲಿಯ ಆಚೆಯಿಂದ ಹಿರಿಯರು ತಡೆದರು. ಜೂನ್ ತನಕ ಮುಟ್ಟಬೇಡಿ, ಅದು ಅಲ್ಲಿಲ್ಲ, ಕೆಳಗಿದೆ ಎಂದರು.

ಅವರ ಮಾತು ನಿಜ. ನಾವು ಬಾಳೆಯ ಕಾಂಡ ಎನ್ನುವುದು ಕಾಂಡವೇ ಅಲ್ಲ. ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದ ಕಂಬವದು. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಹೂ ಬಿಡುವ ಕಾಲ ಬಂದಾಗ ಮಾತ್ರ ಅದು ಕಂಬದ ನಡುವೆ ದಿಂಡಾಗಿ ಮೇಲೇರುತ್ತದೆ. ಮೇಲಿನದ್ದೆಲ್ಲ ನೀರು ತುಂಬಿದ ಮೆತ್ತನೆಯ ಒಡಲು. ಆ ನೀರು ಹೆಪ್ಪುಗಟ್ಟಿದರೆ ಒಳಗಿನ ಕಣಗಳು ಒಡೆದು ಹೋಗುತ್ತವೆ. ಮಣ್ಣಿನೊಳಗೆ ಅಷ್ಟು ಬೇಗ ಚಳಿ ಇಳಿಯುವುದಿಲ್ಲ. ಬುಡದ ಮೇಲೆ ಒಣಗಿದ ಎಲೆ, ಹುಲ್ಲು ಒಂದು ಮೊಳ ಹೊದಿಸಿದ್ದರಂತೂ ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರೂ ಬಾಸ್ಜೂವಿನ ಗಡ್ಡೆ ತಾಳಿಕೊಳ್ಳುತ್ತದೆ. ನಮ್ಮ ಏಲಕ್ಕಿ ಬಾಳೆಗೋ ನೇಂದ್ರಕ್ಕೋ ಈ ತಾಳ್ಮೆಯಿಲ್ಲ.

2011ರ ಮೇ ಕೊನೆಯಲ್ಲಿ, ಕೊಳೆತ ಬುಡದಿಂದ ಒಂದು ಗೇಣು ದೂರದಲ್ಲಿ ಹಸಿರು ಸುಳಿಯೊಂದು ಮಣ್ಣನ್ನು ಸೀಳಿಕೊಂಡು ಮೇಲೆ ಬಂತು. ಬೆಳಗಿನ ಪಾಳಿಗೆ ಹೊರಟಿದ್ದ ನಾವು ಬಾಗಿಲಲ್ಲೇ ನಿಂತುಬಿಟ್ಟೆವು.

ಆ ಮೇಲೆ ಹಿರಿಯರೇ ಕ್ರಮ ಹೇಳಿಕೊಟ್ಟರು. ಮೊದಲ ಹಿಮ ಎಲೆಗಳನ್ನು ಕಪ್ಪಾಗಿಸುವವರೆಗೆ ಕಾಯಬೇಕು. ಆಮೇಲೆ ಎಲೆಗಳನ್ನೆಲ್ಲ ಕಡಿಯಬೇಕು, ಕಂಬವನ್ನು ಎದೆಯೆತ್ತರಕ್ಕೆ ಉಳಿಸಿಕೊಳ್ಳಬೇಕು. ಸುತ್ತಲೂ ನಾಲ್ಕು ಗೂಟ ಹೊಡೆದು ಕೋಳಿಗೂಡಿಗೆ ಹಾಕುವ ತಂತಿಬಲೆ ಕಟ್ಟಿ, ಒಳಗೆ ಒಣಹುಲ್ಲು ತುಂಬಬೇಕು. ಮಳೆ ಇಳಿಯದಂತೆ ತಲೆಯ ಮೇಲೆ ಮಾತ್ರ ಒಂದು ತಗಡು. ಬದಿಗಳಿಂದ ಗಾಳಿಯಾಡಬೇಕು. ಚಳಿಗಿಂತ ದೊಡ್ಡ ಶತ್ರು ಚಳಿಯ ಜೊತೆ ಸೇರಿದ ತೇವ. ಏಪ್ರಿಲ್‌ನಲ್ಲಿ ಬಿಚ್ಚಿ, ಕಂಬವನ್ನು ಮೇಲಿನಿಂದ ತುಸು ತುಸುವೇ ಕೊಯ್ಯುತ್ತಾ ಬರಬೇಕು. ಬಿಳಿಯ ಗಟ್ಟಿ ತಿರುಳು ಕಂಡಲ್ಲಿಗೆ ನಿಲ್ಲಿಸಬೇಕು. ಅಲ್ಲಿಂದಲೇ ಹೊಸ ಸುಳಿ ಹೊರಡುತ್ತದೆ. ಕಂಬ ಉಳಿದರೆ ಆ ವರ್ಷ ಗಿಡ ನಮ್ಮಿಬ್ಬರಿಗಿಂತ ಎತ್ತರ. ಉಳಿಯದಿದ್ದರೆ ಗಡ್ಡೆಯಿಂದ ಮತ್ತೆ ಮೊದಲಿನಿಂದ ಆರಂಭ.

ಇತ್ತ ನಮ್ಮ ಸಂಸಾರದ ಮಾತು. 2014ರಲ್ಲಿ ಉಪ್ಪ ತೀರಿಕೊಂಡರು. ಉಮ್ಮ ದೊಡ್ಡ ಮನೆಯಲ್ಲಿ ಒಬ್ಬರೇ ಆದರು. ಒಡಹುಟ್ಟಿದವರಿಬ್ಬರೂ ಗಲ್ಫ್‌ನಲ್ಲಿ. ಉಮ್ಮನನ್ನು ಇಲ್ಲಿಗೆ ಕರೆಸಿಕೊಳ್ಳೋಣ ಎಂದುಕೊಂಡೆವು. ಆದರೆ 2012ರ ಜುಲೈಯಲ್ಲೇ ಈ ದೇಶದ ನಿಯಮ ಬಿಗಿಯಾಗಿತ್ತು. ವಯಸ್ಸಾದ ತಂದೆ ತಾಯಿಯನ್ನು ಇಲ್ಲಿ ನೆಲೆಸಲು ಕರೆಸಬೇಕಾದರೆ, ದಿನನಿತ್ಯದ ಕೆಲಸಕ್ಕೂ ಅವರಿಗೆ ಬೇರೆಯವರ ನೆರವು ಬೇಕೇಬೇಕು ಎಂದಿರಬೇಕು. ಅಷ್ಟೇ ಅಲ್ಲ, ನಾವು ಇಲ್ಲಿಂದ ಹಣ ಕಳುಹಿಸಿದರೂ ಅಂಥ ನೆರವು ಅವರ ಊರಿನಲ್ಲಿ ಸಿಗುವುದಿಲ್ಲ ಎಂದು ತೋರಿಸಬೇಕು. ನಡೆದಾಡುವ ತಾಯಿಗೆ ಈ ದಾರಿಯಿಲ್ಲ. ಹಾಸಿಗೆ ಹಿಡಿದ ತಾಯಿಗೆ ಊರಿನಲ್ಲಿ ಆಳು ಸಿಗುವುದಾದರೆ ಅವರಿಗೂ ಇಲ್ಲ. ಉಳಿದದ್ದು ಭೇಟಿಯ ವೀಸಾ. ಒಮ್ಮೆ ಬಂದರೆ ಆರು ತಿಂಗಳು, ಅಷ್ಟೇ.

ಹಾಗೆ 2016ರ ಮೇ ತಿಂಗಳಲ್ಲಿ ಉಮ್ಮ ಬಂದರು. ಬಾಳೆಯನ್ನು ಕಂಡು ಮೊದಲು ಕೇಳಿದ್ದು, "ಗೊನೆ ಎಷ್ಟು ದೊಡ್ಡದು ಬರುತ್ತದೆ?" ಬಂದರೂ ತಿನ್ನಲಾಗುವುದಿಲ್ಲ, ಒಳಗೆ ಬೀಜವೇ ಎಂದೆವು. ಉಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಹಾಗಾದರೆ ಇದನ್ನು ಸಾಕುವುದು ಯಾಕೆ ಮೋನೇ?"

ಆದರೆ ಮರುದಿನವೇ ಒಂದು ಎಲೆ ಕೊಯ್ದು ಬಾಡಿಸಿ ಅದರ ಮೇಲೆ ಅಕ್ಕಿರೊಟ್ಟಿ ತಟ್ಟಿದರು. ಎಲೆ ತೆಳು, ಬೇಗ ಹರಿಯುತ್ತದೆ, ಊರಿನದ್ದರ ಹಾಗಲ್ಲ ಎಂದು ಗೊಣಗಿದರು. ಆ ಬೇಸಿಗೆಯಿಡೀ ಗೊಣಗುತ್ತಲೇ ಕೊಯ್ದರು. ಏಳು ವರ್ಷದ ಮಗಳಿಗೆ ಕಂದು, ಸುಳಿ, ದಿಂಡು, ನಾರು ಎಂಬ ಪದಗಳೆಲ್ಲ ಬಂದದ್ದು ಅಜ್ಜಿಯ ಹಿಂದೆ ಹಿಂದೆ ಹಿತ್ತಲು ಸುತ್ತಿ.

ಚಳಿಗೆ ಗಿಡವನ್ನು ಮಲಗಿಸುತ್ತೇವೆ ಎಂದಾಗ ಉಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಘಟ್ಟದ ಬಂಡೆಗಳಲ್ಲಿ ಬೆಳೆಯುವ ಕಲ್ಲುಬಾಳೆ ನೋಡಿಲ್ಲವಾ ಎಂದು ಕೇಳಿದರು. ಹೌದು, ಪಶ್ಚಿಮ ಘಟ್ಟದ ಆ ಕಾಡುಬಾಳೆ ಮಳೆಗಾಲದಲ್ಲಿ ಅಗಲವಾದ ಎಲೆ ಬಿಡಿಸಿ ನಿಲ್ಲುತ್ತದೆ. ಮಳೆ ಮುಗಿದು ಬಂಡೆ ಕಾದಾಗ ಎಲೆಗಳನ್ನೆಲ್ಲ ಕಳಚಿ, ದಪ್ಪ ಬುಡವಷ್ಟೇ ಆಗಿ ಕೂರುತ್ತದೆ. ನೋಡಿದವರು ಸತ್ತಿದೆ ಎನ್ನಬೇಕು. ಮುಂದಿನ ಮುಂಗಾರಿಗೆ ಮತ್ತೆ ಸುಳಿ. ಇಲ್ಲಿ ಚಳಿಗೆ ಮಾಡುವುದನ್ನು ಅದು ಅಲ್ಲಿ ಬಿಸಿಲಿಗೆ ಮಾಡುತ್ತದೆ. ಇಷ್ಟು ಹತ್ತಿರದ ಸಂಗತಿ ನಮಗೆ ಹೊಳೆದೇ ಇರಲಿಲ್ಲ.

ನವೆಂಬರ್ ಮೊದಲ ವಾರ ಎಲೆ ಕಪ್ಪಾಯಿತು. ಉಮ್ಮ ಶಾಲು ಹೊದ್ದು, ಮೇಲೆ ನಮ್ಮದೊಂದು ಕೋಟು ಹಾಕಿ ಹಿತ್ತಲಿಗೆ ಬಂದರು. ಗೋಧಿಹುಲ್ಲಿನ ಕಟ್ಟು ಬಿಚ್ಚಿ ತುಂಬುತ್ತಿದ್ದ ನಮ್ಮನ್ನು ಸರಿಸಿ, ತಾವೇ ಹುಲ್ಲನ್ನು ಹುರಿಮಾಡಿ ಹಗ್ಗ ಹೊಸೆಯತೊಡಗಿದರು. "ಇದು ಅಕ್ಕಿ ಮುಡಿ ಕಟ್ಟಿದ ಹಾಗೆಯೇ" ಎಂದರು. ಇಂದಿನ ಮಕ್ಕಳಿಗೆ ಮುಡಿ ಗೊತ್ತಿರಲಿಕ್ಕಿಲ್ಲ. 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಲ್ಲಿ ಬಿಗಿದು, ಬಡಿದು ಉರುಟು ಮಾಡಿ ಅಟ್ಟದಲ್ಲಿಟ್ಟರೆ ಮಳೆಗಾಲದ ತೇವ ಅಕ್ಕಿಯನ್ನು ಮುಟ್ಟುತ್ತಿರಲಿಲ್ಲ. ಹುಲ್ಲು ತಾನೇ ಉಸಿರಾಡುತ್ತದೆ, ಪ್ಲಾಸ್ಟಿಕ್ ಉಸಿರಾಡುವುದಿಲ್ಲ ಎಂದರು ಉಮ್ಮ. ನಾವು ಒಂದು ಗಿಡ ಕೊಳೆಯಿಸಿ ಕಲಿತದ್ದು ಅವರಿಗೆ ಅಟ್ಟದಿಂದಲೇ ಗೊತ್ತಿತ್ತು.

ಬೇಲಿಯ ಆಚೆಯ ಹಿರಿಯರಿಗೆ ಮಾತ್ರ ಒಪ್ಪಿಗೆಯಿಲ್ಲ. ಅಷ್ಟು ಬಿಗಿಯಬಾರದು, ಹುಲ್ಲಿನ ನಡುವಿನ ಗಾಳಿಯೇ ಬೆಚ್ಚಗಿಡುವುದು ಎಂದರು. ಉಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೆ ಬ್ಯಾರಿ ಬಾರದು. ಇಬ್ಬರ ನಡುವೆ ನಮ್ಮ ಮಗಳು ದುಭಾಷಿ. ಕೊನೆಗೆ ರಾಜಿಯಾಯಿತು. ಒಳಗೆ ಹುಲ್ಲು ಸಡಿಲ, ಹೊರಗೆ ಹಗ್ಗ ಬಿಗಿ. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಕ್ರಮ. ಅದಾದ ಹತ್ತು ದಿನಕ್ಕೆ ಉಮ್ಮನ ಆರು ತಿಂಗಳು ಮುಗಿಯಿತು. ವಿಮಾನ ನಿಲ್ದಾಣದಲ್ಲಿ ಅವರು ಹೇಳಿದ್ದು ಇಷ್ಟೇ: "ಏಪ್ರಿಲ್‌ನಲ್ಲಿ ಬಿಚ್ಚುವಾಗ ಫೋನ್ ಮಾಡಿ."

2018ರ ಫೆಬ್ರವರಿ ಕೊನೆಗೆ ರಷ್ಯಾದ ಕಡೆಯಿಂದ ಬೀಸಿದ ಹಿಮಗಾಳಿಗೂ ಗಿಡ ಉಳಿಯಿತು. ಉಳಿಯದೆ ಹೋದದ್ದು ಬೇರೆ. ನೆರೆಯ ಹಿರಿಯರು ಒಂದೆರಡು ಸಲ ಬಿದ್ದ ಮೇಲೆ 2019ರಲ್ಲಿ ಆರೈಕೆ ಮನೆ ಸೇರಿದರು. ಅವರ ಮಕ್ಕಳು ಆಸ್ಟ್ರೇಲಿಯಾದಲ್ಲಿ. ಮನೆ ಮಾರಾಟವಾಯಿತು. ಕೊಂಡವರು ಹಿತ್ತಲನ್ನು ಅಗೆಸಿ ಕಲ್ಲು ಹಾಸಿದರು. ನಮ್ಮ ಬಾಳೆಯ ತಾಯಿಗಿಡ ಕಸದ ಗಾಡಿಯಲ್ಲಿ ಹೋಯಿತು. ನಾವು ಒಂದು ಕಂದನ್ನು ಕುಂಡದಲ್ಲಿಟ್ಟು ಅವರ ಕೋಣೆಗೆ ಕೊಂಡುಹೋದೆವು. ಕಿಟಕಿಯ ಪಕ್ಕ ಇಡಿಸಿಕೊಂಡರು. 2021ರಲ್ಲಿ ಅವರು ತೀರಿಕೊಂಡಾಗ ಮಕ್ಕಳು ಕೊನೆಯ ಸಲ ನೋಡಿದ್ದು ಮೊಬೈಲಿನ ಪರದೆಯಲ್ಲಿ. ಎಂಥ ಮಕ್ಕಳಪ್ಪಾ ಎಂದು ನಾವು ಮನೆಯಲ್ಲಿ ಮಾತಾಡಿಕೊಂಡದ್ದೂ ಉಂಟು. ಹಾಗೆ ಮಾತಾಡುವ ಹಕ್ಕು ನಮಗಿತ್ತೇ? ಕೊರೋನಾದಿಂದಾಗಿ 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತಾಗ ನಮ್ಮ ಉಮ್ಮನೂ ನಮಗೆ ಪರದೆಯಲ್ಲೇ ಇದ್ದರು.

2022ರ ನವೆಂಬರ್. ಮೂವರೂ ಸೇರಿ ಬಾಳೆಗೆ ಹುಲ್ಲು ಕಟ್ಟುತ್ತಿದ್ದೆವು. ಹದಿನಾಲ್ಕರ ಮಗಳು ಹಗ್ಗ ಹಿಡಿದವಳು ತಲೆಯೆತ್ತದೆ ಕೇಳಿದಳು: "ಅಜ್ಜಿಯನ್ನು ಯಾರು ನೋಡಿಕೊಳ್ಳುತ್ತಾರೆ?"

"ಅಲ್ಲಿ ಇಂಥ ಚಳಿಯಿಲ್ಲವಲ್ಲ" ಎಂದೆವು ನಾವು. ಇಬ್ಬರ ಬಾಯಿಂದಲೂ ಒಟ್ಟಿಗೆ ಬಂದ ಉತ್ತರ. ಅವಳು ಮತ್ತೆ ಏನೂ ಕೇಳಲಿಲ್ಲ, ಗಂಟು ಹಾಕಿದಳು.

ಆ ಉತ್ತರವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ನಾವು ಮಾಡದೆ ಇದ್ದದ್ದೇನೂ ಇಲ್ಲ ಎಂದುಕೊಂಡಿದ್ದೆವು. ತಿಂಗಳು ತಿಂಗಳು ಹಣ ಹೋಗುತ್ತಿತ್ತು. ಹಗಲು ಕೆಲಸಕ್ಕೆ ಒಬ್ಬ ಹೆಂಗಸಿದ್ದರು. ದಿನಕ್ಕೆರಡು ಸಲ ಫೋನ್. ಈಗ ಯೋಚಿಸಿದರೆ, ಅದು 2010ರಲ್ಲಿ ಬಾಳೆಗೆ ಸುತ್ತಿದ ಪ್ಲಾಸ್ಟಿಕ್‌ನಂತೆಯೇ ಇತ್ತು. ಹೊರಗಿನಿಂದ ನೋಡಿದರೆ ಎಲ್ಲ ಭದ್ರ. ಒಳಗೆ ಏನಾಗುತ್ತಿದೆ ಎಂದು ಕೈಯಿಟ್ಟು ನೋಡಿದವರಿಲ್ಲ.

2023ರ ಜನವರಿಯ ಒಂದು ರಾತ್ರಿ ಉಮ್ಮ ಬಚ್ಚಲಿನಲ್ಲಿ ಜಾರಿ ಬಿದ್ದರು. ಬೆಳಿಗ್ಗೆ ಕೆಲಸದ ಹೆಂಗಸು ಬರುವವರೆಗೆ ನೆಲದ ಮೇಲೆಯೇ ಇದ್ದರು. ಅದೇ ರಾತ್ರಿ ನಮ್ಮಲ್ಲೊಬ್ಬರು ಇಲ್ಲಿಯ ಆರೈಕೆ ಮನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದರು. ಗಂಟೆ ಗಂಟೆಗೂ ಕೋಣೆ ಕೋಣೆಗೆ ಹೋಗಿ, ಯಾರದೋ ತಾಯಿಯ ಹೊದಿಕೆ ಸರಿಪಡಿಸುತ್ತಿದ್ದರು. ಬೇರೆಯವರ ತಾಯಿಯನ್ನು ನೋಡಿಕೊಂಡ ಸಂಬಳದಲ್ಲಿ ನಮ್ಮ ತಾಯಿಗೆ ಹಣ ಕಳುಹಿಸುತ್ತಿದ್ದೆವು. ಇದರಲ್ಲಿ ತಪ್ಪು ಯಾರದೆಂದು ಹೇಳುವುದು ಸುಲಭವಲ್ಲ. ಆದರೆ ನೆಲದ ಮೇಲೆ ಮಲಗಿದ್ದವರು ಉಮ್ಮ.

ಸೊಂಟದ ಮೂಳೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಅಲ್ಲಾಹನ ಕೃಪೆ, ಉಮ್ಮ ಮತ್ತೆ ಕೋಲು ಹಿಡಿದು ನಡೆದರು. ನಮ್ಮಲ್ಲೊಬ್ಬರು ಮರುದಿನವೇ ಹೊರಟು ಹೋಗಿದ್ದವರು ಏಪ್ರಿಲ್‌ವರೆಗೆ ಅಲ್ಲೇ ಉಳಿದರು. ಆ ವರ್ಷ ಬಾಳೆಯನ್ನು ಬಿಚ್ಚಿದ್ದು ಇಲ್ಲಿ ಉಳಿದಿದ್ದ ಅಪ್ಪ ಮಗಳು. 2022ರ ಡಿಸೆಂಬರ್‌ನ ಹಿಮ ಗಟ್ಟಿಯಾಗಿಯೇ ಹೊಡೆದಿತ್ತು. ಮೂರು ಕಂಬಗಳಲ್ಲಿ ಎರಡು ಕೊಳೆತಿದ್ದವು. ಮೂರನೆಯದನ್ನು ಕೊಯ್ಯುತ್ತಾ ಕೊಯ್ಯುತ್ತಾ ಮೊಣಕಾಲೆತ್ತರಕ್ಕೆ ಬಂದಾಗ ಬಿಳಿ ತಿರುಳು ಸಿಕ್ಕಿತು.

ಆ ಬೇಸಿಗೆಯಲ್ಲಿ ನಾವು ಕುಳಿತು ಲೆಕ್ಕ ಹಾಕಿದೆವು. ಹತ್ತಿರ ಇರಲು ಏನೇನು ಬಿಡಬಹುದು ಎಂಬ ಲೆಕ್ಕ. ಬಾಳೆ ಚಳಿಗೆ ಮೊದಲು ಬಿಡುವುದು ಎಲೆಯನ್ನು, ಆಮೇಲೆ ಕಂಬವನ್ನು. ಗಡ್ಡೆಯನ್ನು ಮಾತ್ರ ಬಿಡುವುದಿಲ್ಲ. ನಾವು ಇಷ್ಟು ವರ್ಷ ಎಲೆ ಉಳಿಸಿಕೊಳ್ಳಲು ಹೆಣಗಿದ್ದೆವು. ದೊಡ್ಡ ಮನೆಗೆ ಹೋಗುವ ಆಸೆ, ಎರಡನೆಯ ಕಾರು, ಹೆಚ್ಚಿನ ಪಾಳಿಯ ಹಣ. ಅವನ್ನು ಕೊಯ್ದೆವು. ಮನೆಸಾಲದ ಅವಧಿಯನ್ನು ಹೆಚ್ಚಿಸಿಕೊಂಡು ತಿಂಗಳ ಕಂತು ಇಳಿಸಿಕೊಂಡೆವು. ಆರೈಕೆ ಮನೆಯ ಕೆಲಸದಿಂದ ವರ್ಷಕ್ಕೆ ನಾಲ್ಕು ತಿಂಗಳು ಬಿಡುವು, ಆ ನಾಲ್ಕು ತಿಂಗಳು ಸಂಬಳವಿಲ್ಲ. ಗಲ್ಫ್‌ನಲ್ಲಿರುವ ಒಡಹುಟ್ಟಿದವರೊಡನೆ ಮುಖಾಮುಖಿ ಕೂತು ಮಾತಾಡಿದೆವು. ಮೊದಲು ಮುನಿಸು ಬಂತು, ಆಮೇಲೆ ಅವರೂ ತಮ್ಮ ರಜೆಗಳನ್ನು ಬೇರೆ ಬೇರೆ ತಿಂಗಳಿಗೆ ಹಂಚಿಕೊಂಡರು. ಈಗ ವರ್ಷದಲ್ಲಿ ಎಂಟು ತಿಂಗಳು ಉಮ್ಮನ ಜೊತೆ ನಮ್ಮವರೊಬ್ಬರು ಇರುತ್ತಾರೆ. ಉಳಿದ ನಾಲ್ಕು ತಿಂಗಳಿಗೆ ರಾತ್ರಿಯೂ ಇರುವ ಹೆಂಗಸೊಬ್ಬರು ಸಿಕ್ಕಿದ್ದಾರೆ. ಇದು ಪರಿಹಾರವೆಂದು ನಾವು ಹೇಳುತ್ತಿಲ್ಲ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಇರುವ ನಾಲ್ಕು ತಿಂಗಳು ಸುಲಭದ್ದೂ ಅಲ್ಲ. ಮಗಳು ಪರೀಕ್ಷೆಯ ದಿನಗಳಲ್ಲಿ ತಾಯಿಯಿಲ್ಲದೆ ಓದಿದ್ದಾಳೆ. ಆದರೂ ಕೇಳಿದ ಪ್ರಶ್ನೆಗೆ ಒಂದು ಉತ್ತರವಾದರೂ ಸಿಕ್ಕಿತು ಎಂಬಂತೆ ಅವಳು ದೂರಿಲ್ಲ.

ಈ ಬರಹದ ಅರ್ಧವನ್ನು ಲೆಸ್ಟರ್‌ನಲ್ಲೂ ಇನ್ನರ್ಧವನ್ನು ಬಂಟ್ವಾಳದಲ್ಲೂ ಬರೆದದ್ದು. ಅಲ್ಲಿಂದ ಇಲ್ಲಿಗೆ ಫೋನಿನಲ್ಲಿ ಓದಿ, ತಿದ್ದಿ, ಒಂದು ಮಾಡಿದೆವು. ದೂರ ಇರುವ ಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗೆ ಉಪದೇಶ ಹೇಳುವಷ್ಟು ನಾವು ದೊಡ್ಡವರಲ್ಲ. ಆದರೆ ನಿಮ್ಮ ಮನೆಯ ಹಿರಿಯರ ಸುತ್ತ ನೀವು ಸುತ್ತಿರುವುದು ಹುಲ್ಲೋ ಪ್ಲಾಸ್ಟಿಕ್ಕೋ ಎಂದು ಒಮ್ಮೆ ಕೈಯಿಟ್ಟು ನೋಡಿ ಎಂದಷ್ಟೇ ಕೇಳುತ್ತೇವೆ.

ಕಳೆದ ಏಪ್ರಿಲ್‌ನಲ್ಲಿ ಹುಲ್ಲು ಬಿಚ್ಚಿದ ದಿನ ಉಮ್ಮನಿಗೆ ವಿಡಿಯೊ ಕರೆ ಮಾಡಿದೆವು. ಕೊಯ್ದ ಕಂಬದ ನಡುವಿನಿಂದ ಕಿರುಬೆರಳಷ್ಟು ಸುಳಿ ಮೇಲೆದ್ದಿತ್ತು. ಬುಡದಲ್ಲಿ ನಾಲ್ಕು ಕಂದು. ಉಮ್ಮ ಕನ್ನಡಕ ಸರಿಮಾಡಿ, ಫೋನನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಏನಾದರೂ ದೊಡ್ಡ ಮಾತು ಹೇಳುತ್ತಾರೆಂದು ನಾವು ಕಾದೆವು.

"ಗೊನೆ ತಿನ್ನಲಾಗದ ಬಾಳೆಗೆ ಇಷ್ಟೊಂದು ಚಾಕರಿಯಾ!" ಎಂದರು. ತುಸು ಬಿಟ್ಟು, "ಎರಡು ಕಂದು ಇಟ್ಟು ಉಳಿದದ್ದನ್ನು ಯಾರಿಗಾದರೂ ಕೊಡಿ" ಎಂದರು.

ಕೊಟ್ಟೆವು. ಒಂದು ಕಂದು ನೆರೆಮನೆಗೆ ಹೋಯಿತು. ಹಿತ್ತಲಿಗೆ ಕಲ್ಲು ಹಾಸಿದವರೇ, ಮೂಲೆಯ ಎರಡು ಕಲ್ಲು ಕಿತ್ತು ಅದನ್ನು ನೆಟ್ಟಿದ್ದಾರೆ.